ಗಾಳಿಯ ತೇವವನ್ನು ಅಳೆದ ವಿಲ್ಲಿಸ್ ಕ್ಯಾರಿಯರ್

ಈ ಸಂಚಿಕೆಗೆ ನಾನು ಮೆಚ್ಚಿದ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ಮೊದಲು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯೋಣವೆಂದುಕೊಂಡಿದ್ದೆ. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಶಾಲೆಯಲ್ಲೇ ಹತ್ತು ಜನ ಇದ್ದಾರೆ. ನಾನು ಇಲ್ಲಿ ಹತ್ತನೇ ತರಗತಿ ಮುಗಿಸಿ, ಡಿಪ್ಲೊಮಾ ಓದಿ, ಮೂವತ್ತು ವರ್ಷಗಳಿಂದ ದೊಡ್ಡ ಕಟ್ಟಡಗಳ ಎ.ಸಿ. ಯಂತ್ರಗಳನ್ನು ನೋಡಿಕೊಳ್ಳುತ್ತಿರುವವನು. ನನಗೆ ಅನ್ನ ಕೊಟ್ಟ ವಿದ್ಯೆಯನ್ನು ಕಟ್ಟಿ ನಿಲ್ಲಿಸಿದವರ ಬಗ್ಗೆ ಬರೆಯುವುದೇ ಸರಿ ಎನಿಸಿತು.

ಇನ್ನೊಂದು ಕಾರಣವೂ ಇದೆ. ಕಳೆದ ಮಳೆಗಾಲದಲ್ಲಿ ಹಳೆಯ ಫೋಟೋ ಹುಡುಕಲೆಂದು ಶಾಲೆಗೆ ಬಂದಿದ್ದೆ. ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಯ ಕಬ್ಬಿಣದ ಬೀರು ತೆಗೆದು, ಶಾಲೆ ಶುರುವಾದ ವರ್ಷದ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. ರಟ್ಟಿನ ತುಂಬ ಬೂಷ್ಟು. ಒಳಗಿನ ಎಷ್ಟೋ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪಿಂಚಣಿಗೋ ಆಧಾರ್ ತಿದ್ದುಪಡಿಗೋ ಹುಟ್ಟಿದ ದಿನಾಂಕದ ದಾಖಲೆ ಬೇಕಾದಾಗ ಊರಿನವರು ಇಂದಿಗೂ ಬರುವುದು ಆ ಪುಸ್ತಕವನ್ನು ನಂಬಿಕೊಂಡೇ. ಅದಾದ ಮೇಲೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆ ಕೊಠಡಿಗೆ ಒಂದು ಎ.ಸಿ. ಹಾಕಿಸಿಬಿಡೋಣ ಎಂಬ ಮಾತು ಬಂತು. ಹಣ ಕೊಡಲು ಮುಂದೆ ಬಂದವರೂ ಇದ್ದರು. ಅದೇ ಕಸುಬಿನ ನಾನೇ ಬೇಡವೆಂದೆ. ಕಾರಣ ವಿವರಿಸಲು ಆ ದಿನ ಹೊತ್ತಿರಲಿಲ್ಲ. ಕೆಲವರಿಗೆ ಬೇಸರವಾಗಿದ್ದು ನನಗೆ ಗೊತ್ತು. ಆ ಕಾರಣ ನಾನು ಹೇಳಹೊರಟಿರುವ ಮಹನೀಯರ ಬದುಕಿನಲ್ಲೇ ಇದೆ.

ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲ ಎಂಬ ಸಣ್ಣ ಊರಿನ ಬಳಿ. ಈರೀ ಸರೋವರದ ದಡದ ಸೀಮೆ ಅದು. ಒಕ್ಕಲುತನದ ಮನೆ, ಒಬ್ಬನೇ ಮಗ. ಮನೆಯಲ್ಲಿ ಕೆಟ್ಟ ಗಡಿಯಾರವನ್ನೂ ಹೊಲಿಗೆ ಯಂತ್ರವನ್ನೂ ಬಿಚ್ಚಿ ಸರಿಮಾಡುತ್ತಿದ್ದವರು ತಾಯಿ ಎಲಿಜಬೆತ್. ಯಂತ್ರಗಳ ಬಗೆಗಿನ ಒಲವು ಮಗನಿಗೆ ಬಂದದ್ದು ಅವರಿಂದಲೇ.

ಹುಡುಗನಿಗೆ ಒಂಬತ್ತು ವರ್ಷವಿದ್ದಾಗ ಶಾಲೆಯಲ್ಲಿ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ಹತ್ತಿತ್ತು ಹೇಳಿ! ತಾಯಿ ಅವನನ್ನು ನೆಲಮಾಳಿಗೆಗೆ ಕಳುಹಿಸಿ ಒಂದು ಪಾತ್ರೆ ತುಂಬ ಸೇಬು ತರಿಸಿದರು. ಒಂದನ್ನು ಎರಡು ಹೋಳು, ಇನ್ನೊಂದನ್ನು ನಾಲ್ಕು, ಮತ್ತೊಂದನ್ನು ಎಂಟು ಹೋಳು ಮಾಡಿಸಿ, ಆ ಹೋಳುಗಳನ್ನೇ ಕೂಡಿಸು, ಕಳೆ ಎಂದರು. ಭಿನ್ನರಾಶಿ ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ, ದೊಡ್ಡದೆಂದು ಹೆದರಿಸುವ ಸಮಸ್ಯೆಯನ್ನು ಕೈಗೆ ಸಿಗುವಷ್ಟು ಸಣ್ಣ ಹೋಳು ಮಾಡಿಕೊಳ್ಳಬೇಕೆಂಬುದು ಮನಸ್ಸಿನಲ್ಲಿ ಕೂತಿತು. ಜೀವನದಲ್ಲಿ ತಾನು ಕಲಿತ ಅತಿ ಮುಖ್ಯ ಪಾಠ ಇದೇ ಎಂದು ಅವರು ಮುಂದೆ ನೆನೆಯುತ್ತಿದ್ದರು. ಹುಡುಗನಿಗೆ ಹನ್ನೊಂದು ವರ್ಷವಾಗುವಷ್ಟರಲ್ಲಿ ಆ ತಾಯಿ ತೀರಿಕೊಂಡರು.

ಮನೆಯಲ್ಲಿ ಕಾಲೇಜಿಗೆ ಕಳುಹಿಸುವಷ್ಟು ಹಣವಿರಲಿಲ್ಲ. ಕೆಲಕಾಲ ಮಕ್ಕಳಿಗೆ ಪಾಠ ಹೇಳಿ ದುಡಿದರು. ಸರ್ಕಾರದ ವಿದ್ಯಾರ್ಥಿವೇತನ ಗೆದ್ದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಶುಲ್ಕಕ್ಕೆ ದಾರಿಯಾಯಿತು, ಊಟ ವಸತಿಗೆ ದುಡಿಯಬೇಕಿತ್ತು. ಮನೆಗಳ ಅಂಗಳದ ಹುಲ್ಲು ಕತ್ತರಿಸಿದರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕುಲುಮೆಗೆ ಉರಿ ಹಾಕಿದರು, ಸಹಪಾಠಿಗಳ ಬಟ್ಟೆ ಒಗೆಸಿಕೊಡುವ ವ್ಯವಸ್ಥೆ ನಡೆಸಿದರು. 1901ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಬಫೆಲೊ ನಗರದ ಬಫೆಲೊ ಫೋರ್ಜ್ ಕಂಪನಿಗೆ ಸೇರಿದರು. ಸಂಬಳ ವಾರಕ್ಕೆ 10 ಡಾಲರ್. ಆ ಕಂಪನಿ ಫ್ಯಾನು, ಹೀಟರುಗಳನ್ನು ತಯಾರಿಸುತ್ತಿತ್ತು. ಎಷ್ಟು ಗಾತ್ರದ ಕಟ್ಟಡಕ್ಕೆ ಎಷ್ಟು ಹೀಟರ್ ಬೇಕೆಂಬುದಕ್ಕೆ ಆಗ ಸರಿಯಾದ ಲೆಕ್ಕವೇ ಇರಲಿಲ್ಲ. ಅಂದಾಜಿನಲ್ಲಿ ಕೂರಿಸುವುದು, ಸಾಲದಿದ್ದರೆ ಇನ್ನೊಂದು ಸೇರಿಸುವುದು. ಹೊಸಬರಾದ ಕ್ಯಾರಿಯರ್ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಅಳೆದು, ಕೋಷ್ಟಕ ಮಾಡಿಕೊಟ್ಟರು. ಕಂಪನಿಯವರು ಮೆಚ್ಚಿ ಅವರಿಗಾಗಿಯೇ ಒಂದು ಪ್ರಯೋಗಾಲಯ ತೆರೆದರು.

ಅವರ ಹೆಸರು ಉಳಿಸಿದ ಕೆಲಸ ಬಂದದ್ದು ಮರುವರ್ಷ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿದ್ದ ಸ್ಯಾಕೆಟ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಿಂದ. ಜುಲೈ ತಿಂಗಳಲ್ಲಿ ನಮ್ಮ ನೋಟ್‌ಪುಸ್ತಕದ ಹಾಳೆಗಳು ಮೆತ್ತಗಾಗಿ ಉಬ್ಬುತ್ತಿದ್ದುದು, ಗೋಡೆಗೆ ನೇತುಹಾಕಿದ ಭೂಪಟ ಸುರುಟಿಕೊಳ್ಳುತ್ತಿದ್ದುದು ನೆನಪಿದೆಯಲ್ಲ? ಬ್ರೂಕ್ಲಿನ್‌ನಲ್ಲಿ ಆದದ್ದೂ ಅದೇ. ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಒಂದೇ ಹಾಳೆ ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಯಂತ್ರದೊಳಗೆ ಹೋಗಬೇಕು. ಸೆಖೆಗಾಲದ ತೇವದ ಗಾಳಿಯಲ್ಲಿ ಕಾಗದ ಹಿಗ್ಗುತ್ತಿತ್ತು, ಗಾಳಿ ಒಣಗಿದರೆ ಕುಗ್ಗುತ್ತಿತ್ತು. ನಿನ್ನೆ ಹಚ್ಚಿದ ಬಣ್ಣದ ಮೇಲೆ ಇವತ್ತಿನ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲಿ ಕೆಲಸಗಾರರ ಸೆಖೆಯನ್ನು ಕಳೆಯಿರೆಂದು ಯಾರೂ ಕೇಳಿರಲಿಲ್ಲ. ಇಂದು ನಾವು ಎ.ಸಿ. ಎನ್ನುವ ಯಂತ್ರ ಹುಟ್ಟಿದ್ದು ಕಾಗದಕ್ಕೋಸ್ಕರ.

ಕ್ಯಾರಿಯರ್ ಮೊದಲು ಹಿಡಿದ ದಾರಿ ಕೇಳಿದರೆ ನಮ್ಮ ಅಡಿಗೆಮನೆ ನೆನಪಾಗುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಮರಿಗೆ ನೀರು ಬಿಡುವುದಿಲ್ಲವೆ? ಆ ನೀರು ಗಾಳಿಯಿಂದ ಬಂದದ್ದು. ಕೆಲವು ಲವಣಗಳು ಗಾಳಿಯ ತೇವವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಅಂಥ ಒಂದು ಲವಣ ಕ್ಯಾಲ್ಸಿಯಂ ಕ್ಲೋರೈಡ್. ಅದರ ಗಟ್ಟಿ ದ್ರಾವಣದಲ್ಲಿ ಗೋಣಿತಾಟನ್ನು ಅದ್ದಿ, ರೋಲರುಗಳ ಮೇಲೆ ಸುತ್ತುವಂತೆ ಮಾಡಿ, ಅದರ ಮೂಲಕ ಗಾಳಿ ಹಾಯಿಸಿದರು. ಗಾಳಿ ಒಣಗಿತು. ಆದರೆ ಉಪ್ಪಿನ ಹನಿಗಳು ಗಾಳಿಯ ಜೊತೆಗೇ ಹಾರಿಬಂದವು. ಅದು ಅಚ್ಚಿನ ಯಂತ್ರಕ್ಕೆ ತಗುಲಿದರೆ ತುಕ್ಕು, ಕಾಗದಕ್ಕೆ ತಗುಲಿದರೆ ಕಲೆ. ಆ ದಾರಿಯನ್ನು ಅವರು ಕೈಬಿಟ್ಟರು. ಅದು ಇನ್ನೊಂದು ರೂಪದಲ್ಲಿ ನಮ್ಮ ಕಾಲಕ್ಕೆ ಮರಳಿ ಬಂದದ್ದನ್ನು ಮುಂದೆ ಹೇಳುತ್ತೇನೆ.

ಎರಡನೆಯ ದಾರಿ ಗಾಳಿಯನ್ನು ತಣಿಸುವುದು. ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕಾಗಿದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. 10 ಡಿಗ್ರಿಗೆ ಇಳಿಸಿದರೆ ಅದರ ಶಕ್ತಿ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದ ನೀರು ತಣ್ಣನೆಯ ಕೊಳವೆಯ ಮೇಲೆ ಬೆವರಿನಂತೆ ಕೂತು ಇಳಿದುಹೋಗುತ್ತದೆ. ಆ ಗಾಳಿಯನ್ನು ಮತ್ತೆ 24 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದು 22 ಗ್ರಾಂ ಹೊರಬಲ್ಲದು, ಆದರೆ ಅದರಲ್ಲಿರುವುದು 9 ಗ್ರಾಂ. ಹಾಗಾಗಿ ಅದು ಒಣಗಾಳಿ. ತಣಿಸಿ ನೀರು ತೆಗೆಯಬೇಕು, ಆಮೇಲೆ ಬೆಚ್ಚಗೆ ಮಾಡಬೇಕು. ಈ ಎರಡನೆಯ ಹೆಜ್ಜೆ ಬಿಟ್ಟರೆ ಸಿಗುವುದು ತಣ್ಣನೆಯ ಒದ್ದೆ ಗಾಳಿ. ಒಲೆಯ ಮೇಲಿನ ಅಟ್ಟದಲ್ಲಿ ನಮ್ಮ ಅಮ್ಮಂದಿರು ಮೆಣಸಿನಕಾಯಿಯನ್ನೂ ಬಿತ್ತನೆ ಬೀಜವನ್ನೂ ಇಟ್ಟು ಕಾಪಾಡಿದ್ದು ಇದೇ ನಿಯಮದಿಂದ. ಮಲೆನಾಡಿನ ಗಾಳಿಯನ್ನು ಅವರು ತಣಿಸಲಿಲ್ಲ, ಬೆಚ್ಚಗೆ ಮಾಡಿದರು.

ಕ್ಯಾರಿಯರ್ ಹವಾಮಾನ ಇಲಾಖೆಯ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಬೇಸಿಗೆಯಲ್ಲಿ ಸುಮಾರು 27 ಡಿಗ್ರಿ, ಚಳಿಗಾಲದಲ್ಲಿ 21 ಡಿಗ್ರಿ, ವರ್ಷವಿಡೀ ತೇವಾಂಶ ಶೇಕಡ 55. ಇದು ಗುರಿ. ಒಂದು ಸಾಲು ಕೊಳವೆಗಳಿಗೆ ಆಳವಾದ ಬಾವಿಯ ತಣ್ಣೀರು, ಇನ್ನೊಂದು ಸಾಲಿಗೆ ಅಮೋನಿಯಾ ಬಳಸುವ ಶೀತಲ ಯಂತ್ರ. ದಿನಕ್ಕೆ ಸುಮಾರು 49 ಟನ್ ಮಂಜುಗಡ್ಡೆ ಕರಗಿದಾಗ ಸಿಗುವಷ್ಟು ತಂಪು ಬೇಕಾಯಿತು. ಆ ನಕ್ಷೆಗಳ ಮೇಲಿನ ತಾರೀಖು 1902ರ ಜುಲೈ 17. ಹವಾನಿಯಂತ್ರಣದ ಹುಟ್ಟಿದ ದಿನವೆಂದು ನಮ್ಮ ಕಸುಬಿನವರು ಆ ದಿನವನ್ನು ನೆನೆಯುತ್ತಾರೆ. ಆಗ ಅವರಿಗೆ ಇಪ್ಪತ್ತೈದು ವರ್ಷ, ಕೆಲಸಕ್ಕೆ ಸೇರಿ ಒಂದು ವರ್ಷ.

ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಅದೇ ವರ್ಷ ಚಳಿ ಶುರುವಾಗುವ ಹೊತ್ತಿಗೆ ಪಿಟ್ಸ್‌ಬರ್ಗ್ ನಗರದ ರೈಲು ನಿಲ್ದಾಣದಲ್ಲಿ ಒಂದು ರಾತ್ರಿ ರೈಲಿಗಾಗಿ ಕಾಯುತ್ತಿದ್ದರು. ಸುತ್ತಲೂ ದಟ್ಟ ಮಂಜು. ಬೇರೆಯವರಾಗಿದ್ದರೆ ರೈಲು ತಡವಾಗುತ್ತದೆಂದು ಗೊಣಗುತ್ತಿದ್ದರು. ಇವರು ಯೋಚಿಸಿದ್ದು ಹೀಗೆ: ಮಂಜೆಂದರೆ ತಾನು ಹೊರುವಷ್ಟೂ ನೀರನ್ನು ಹೊತ್ತ ಗಾಳಿ, ಆದರೆ ಅದು ತಣ್ಣಗಿರುವುದರಿಂದ ಅದರಲ್ಲಿರುವ ನೀರು ಸ್ವಲ್ಪವೇ. ನಾನೇ ಬೇಕಾದಷ್ಟು ತಣ್ಣಗಿರುವ ನೀರನ್ನು ತುಂತುರಾಗಿ ಸಿಂಪಡಿಸಿ ಮಂಜನ್ನು ಮಾಡಿ, ಆಮೇಲೆ ಆ ಗಾಳಿಯನ್ನು ಬೆಚ್ಚಗೆ ಮಾಡಿದರೆ ಬೇಕಾದಷ್ಟೇ ತೇವದ ಗಾಳಿ ಸಿಗಬೇಕಲ್ಲ? ನೀರು ಚಿಮುಕಿಸಿ ಗಾಳಿಯನ್ನು ಒಣಗಿಸುವುದೆಂದರೆ ಕೇಳಿದವರು ನಗುವಂಥ ಮಾತು. ಆದರೆ ಅದು ನಿಜವಾಯಿತು. ಆ ಯಂತ್ರಕ್ಕೆ 1906ರ ಜನವರಿ 2ರಂದು ಪೇಟೆಂಟ್ ದೊರೆಯಿತು.

ಅಲ್ಲಿಂದ ಹತ್ತಿ ಗಿರಣಿಗಳು ಅವರನ್ನು ಕರೆದವು. ಅಲ್ಲಿ ತೊಂದರೆ ತಲೆಕೆಳಗು. ಗಾಳಿ ಒಣಗಿದರೆ ನೂಲು ಕಡಿಯುತ್ತದೆ, ಆದ್ದರಿಂದ ತೇವ ಸೇರಿಸಬೇಕು. ಏರ್ ಕಂಡಿಷನಿಂಗ್ ಎಂಬ ಹೆಸರು ಬಂದದ್ದೂ ಗಿರಣಿಗಳ ಕಡೆಯಿಂದಲೇ. ಆ ಪದವನ್ನು 1906ರಲ್ಲಿ ಬಳಕೆಗೆ ತಂದವರು ನಾರ್ತ್ ಕೆರೊಲಿನಾದ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್. ಮರುವರ್ಷವೇ ಕ್ಯಾರಿಯರ್ ಯಂತ್ರ ಜಪಾನಿನ ಯೋಕೊಹಾಮಾದ ರೇಷ್ಮೆ ಗಿರಣಿಯನ್ನು ತಲುಪಿತು. 1911ರ ಡಿಸೆಂಬರಿನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಗಾಳಿಯ ಉಷ್ಣತೆ, ತೇವಾಂಶ, ಶಾಖ ಇವುಗಳ ಸಂಬಂಧದ ಸೂತ್ರಗಳನ್ನು ಮಂಡಿಸಿದರು. ಅದರೊಡನೆ ಬಂದ ನಕ್ಷೆ, ಅಂದರೆ ಸೈಕ್ರೊಮೆಟ್ರಿಕ್ ಚಾರ್ಟ್, ಇಂದಿಗೂ ನಮ್ಮ ಕಸುಬಿನ ಪಂಚಾಂಗ.

1914ರಲ್ಲಿ ಮಹಾಯುದ್ಧ ಶುರುವಾದಾಗ ಬಫೆಲೊ ಫೋರ್ಜ್ ಈ ವಿಭಾಗವನ್ನೇ ಮುಚ್ಚಲು ಹೊರಟಿತು. ಕ್ಯಾರಿಯರ್, ಅವರ ಮಿತ್ರ ಇರ್ವಿನ್ ಲೈಲ್ ಮತ್ತು ಐವರು ಜೊತೆಗಾರರು ತಮ್ಮಲ್ಲಿದ್ದುದನ್ನೆಲ್ಲ ಒಟ್ಟುಗೂಡಿಸಿ 32,600 ಡಾಲರ್ ಬಂಡವಾಳದಲ್ಲಿ 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು. 1922ರಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ತಂಪು ಕೊಡುವ, ತಿರುಗುವ ಚಕ್ರದ ಹೊಸ ಶೀತಲ ಯಂತ್ರವನ್ನು ತೋರಿಸಿದರು. ಅಲ್ಲಿಯವರೆಗೆ ಕಾರ್ಖಾನೆಯ ಸರಕಿಗಾಗಿ ದುಡಿದ ವಿದ್ಯೆ ಈಗ ಜನರತ್ತ ತಿರುಗಿತು. 1924ರಲ್ಲಿ ಡೆಟ್ರಾಯಿಟ್ ನಗರದ ಹಡ್ಸನ್ಸ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ, ರಿಯಾಯಿತಿ ಮಾರಾಟದ ನೂಕುನುಗ್ಗಲಿನಲ್ಲಿ ಜನ ಬವಳಿ ಬಂದು ಬೀಳುತ್ತಿದ್ದ ಕಡೆ, ಅಂಥ ಮೂರು ಯಂತ್ರಗಳು ಕೂತವು.

ಮರುವರ್ಷ, 1925ರ ಮೇ ಕೊನೆಯಲ್ಲಿ, ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರ. ಆಗಿನ ಕೆಲವು ಚಿತ್ರಮಂದಿರಗಳಲ್ಲಿ ತಣ್ಣನೆಯ ಗಾಳಿಯನ್ನು ನೆಲದಿಂದ ಬಿಡುತ್ತಿದ್ದರು. ಜನರ ಕಾಲು ಮರಗಟ್ಟುತ್ತಿತ್ತು, ತಲೆ ಬೆವರುತ್ತಿತ್ತು. ಕ್ಯಾರಿಯರ್ ತಂಡ ಒಣಗಿಸಿ ಹದ ಮಾಡಿದ ಗಾಳಿಯನ್ನು ಮೇಲಿನಿಂದ ಇಳಿಬಿಟ್ಟಿತು. ಮೊದಲ ದಿನ ಯಂತ್ರ ಶುರುವಾಗುವುದು ತಡವಾಯಿತು. ತುಂಬಿದ ಸಭಾಂಗಣದಲ್ಲಿ ಸಾವಿರಾರು ಕೈಗಳು ಬೀಸಣಿಗೆ ಬೀಸುತ್ತಿದ್ದವು. ನಿಧಾನವಾಗಿ ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಮೇಲೆ ಕೂತು ನೋಡುತ್ತಿದ್ದ ಚಿತ್ರೋದ್ಯಮಿ ಅಡಾಲ್ಫ್ ಜುಕರ್ ಒಪ್ಪಿಕೊಂಡರು. ಅಲ್ಲಿಂದ ಮುಂದೆ ಅಮೆರಿಕದ ಸಂಸತ್ತಿನ ಸಭಾಂಗಣಗಳು, ಕಚೇರಿ ಕಟ್ಟಡಗಳು ಒಂದರ ಹಿಂದೆ ಒಂದು ಬಂದವು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂಪನಿ ಬಹಳ ಕಷ್ಟಪಟ್ಟು ಉಳಿಯಿತು. 1937ರಲ್ಲಿ ಸಿರಾಕ್ಯೂಸ್ ನಗರಕ್ಕೆ ಸ್ಥಳಾಂತರವಾಯಿತು. ಮನೆಯಲ್ಲೂ ನೋವು ಕಂಡ ಜೀವ ಅದು. ಇಬ್ಬರು ಮಡದಿಯರನ್ನು ಒಬ್ಬರ ನಂತರ ಒಬ್ಬರಂತೆ ಕಳೆದುಕೊಂಡು ಮೂರನೆಯ ಮದುವೆಯಾದರು. ಲೆಕ್ಕದಲ್ಲಿ ಮುಳುಗಿದರೆ ಹೊರಗಿನ ಲೋಕದ ಎಚ್ಚರವಿರುತ್ತಿರಲಿಲ್ಲ. ಒಮ್ಮೆ ಪ್ರವಾಸ ಹೊರಟವರ ಪೆಟ್ಟಿಗೆ ತೆರೆದರೆ ಒಳಗೆ ಇದ್ದದ್ದು ಒಂದು ಕರವಸ್ತ್ರ ಮಾತ್ರವಂತೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಅರವತ್ತು ದಾಟಿದ ಮೇಲೆ, ವಿಮಾನದ ಎಂಜಿನುಗಳನ್ನು ಪರೀಕ್ಷಿಸಲು ಕ್ಲೀವ್‌ಲ್ಯಾಂಡ್‌ನ ಗಾಳಿ ಸುರಂಗವನ್ನು ಸೊನ್ನೆಗಿಂತ 55 ಡಿಗ್ರಿ ಕೆಳಕ್ಕೆ ತಣಿಸುವ ವ್ಯವಸ್ಥೆ ಮಾಡಿಕೊಟ್ಟರು. ತಮ್ಮ ಕೆಲಸಗಳಲ್ಲಿ ಅದನ್ನೇ ಅವರು ದೊಡ್ಡದೆಂದು ಭಾವಿಸಿದ್ದರು. 1950ರ ಅಕ್ಟೋಬರ್ 7ರಂದು, ಎಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನ ತಪ್ಪಿನ ಕತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕರಾವಳಿಯ ಒಂದು ವಾಣಿಜ್ಯ ಕಟ್ಟಡದ ಉಸ್ತುವಾರಿ ನನ್ನದಾಗಿತ್ತು. ಕೆಳ ಅಂತಸ್ತಿನ ಕಡತಗಳ ಕೋಣೆಯಲ್ಲಿ ಮುಗ್ಗಲು ವಾಸನೆ ಬರುತ್ತಿದೆಯೆಂದು ದೂರು ಬಂತು. ತಂಪು ಹೆಚ್ಚಿಸಿದರೆ ಸರಿಹೋಗುತ್ತದೆಂದು ಎ.ಸಿ.ಯನ್ನು 18 ಡಿಗ್ರಿಗೆ ಇಳಿಸಿ ಬಂದೆ. ಬಾಗಿಲು ತೆರೆದಾಗಲೆಲ್ಲ ಆಷಾಢದ ಒದ್ದೆ ಗಾಳಿ ಒಳಗೆ ನುಗ್ಗಿ ತಣ್ಣನೆಯ ಗೋಡೆಗೂ ಬೀರುಗಳಿಗೂ ತಗುಲಿ ನೀರಾಯಿತು. ಒಂದು ತಿಂಗಳಲ್ಲಿ ಕಡತಗಳ ಮೇಲೆ ಬಿಳಿ, ಹಸಿರು ಬೂಷ್ಟು. ನಮ್ಮ ಹಿರಿಯ ಎಂಜಿನಿಯರ್ ಬಂದು ಬೈಯಲಿಲ್ಲ. ಎರಡು ಥರ್ಮಾಮೀಟರ್ ಕೊಟ್ಟು ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿಸಿ, ಎರಡನ್ನೂ ಓದಿಸಿ, ಕ್ಯಾರಿಯರ್ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಕೋಣೆಯ ತೇವಾಂಶ ಶೇಕಡ 85 ದಾಟಿತ್ತು. ಚಳಿ ಮಾಡಿದ್ದೆ, ಒಣಗಿಸಿರಲಿಲ್ಲ. ಆ ಕಡತಗಳಲ್ಲಿ ಕೆಲವನ್ನು ಮತ್ತೆ ಓದಲಾಗಲಿಲ್ಲ. ಅದರಲ್ಲಿ ಯಾರ ಯಾರ ಬದುಕಿನ ಕಾಗದಗಳಿದ್ದವೋ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಮೇಲೆ ಆ ಕೋಣೆಗೆ ತೇವ ಹೀರುವ ಚಕ್ರವಿರುವ ಯಂತ್ರ ಬಂತು. ಕ್ಯಾರಿಯರ್ ಕೈಬಿಟ್ಟ ಗೋಣಿತಾಟಿನ ದಾರಿಯೇ ಅದು, ಉಪ್ಪಿನ ಹನಿಯ ಕಾಟವಿಲ್ಲದೆ. ಜೇನುಗೂಡಿನಂಥ ಕಣ್ಣುಗಳಿರುವ ಚಕ್ರಕ್ಕೆ ಸಿಲಿಕಾ ಜೆಲ್ ಹಿಡಿಸಿರುತ್ತಾರೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಬರುವ ಹರಳು ಅದೇ. ಚಕ್ರ ಮೆಲ್ಲಗೆ ತಿರುಗುತ್ತಿದ್ದಂತೆ ಒಂದು ಬದಿಯಲ್ಲಿ ಕೋಣೆಯ ಗಾಳಿಯ ತೇವ ಹೀರುತ್ತದೆ, ಇನ್ನೊಂದು ಬದಿಯಲ್ಲಿ ಬಿಸಿಗಾಳಿ ಆ ತೇವವನ್ನು ಹೊರಗೊಯ್ಯುತ್ತದೆ. ಒಣಗಿದ ಗಾಳಿ ತುಸು ಬೆಚ್ಚಗೆ ಬರುವುದರಿಂದ ಬೇಕಾದಲ್ಲಿ ಅದನ್ನು ಬೇರೆಯಾಗಿ ತಣಿಸುತ್ತಾರೆ. ಒಣಗಾಳಿಯಾದ್ದರಿಂದ ನೀರು ಆರಿಸಿಯೂ ತಣಿಸಬಹುದು. ಕಲಬುರಗಿಯ ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ನಮ್ಮೂರಿನ ಮಳೆಗಾಲದಲ್ಲಿ ಆಗದಿರುವುದೂ ಗಾಳಿಯ ಒಣತನದ ವ್ಯತ್ಯಾಸದಿಂದಲೇ. ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೊಠಡಿ, ಔಷಧಿ ಗೋದಾಮು, ದೊಡ್ಡ ಮಾರುಕಟ್ಟೆ ಮಳಿಗೆಗಳಲ್ಲಿ ಇಂಥ ಯಂತ್ರಗಳಿವೆ.

ನಮ್ಮ ಶಾಲೆಯ ಕೊಠಡಿಗೆ ಎ.ಸಿ. ಬೇಡವೆಂದದ್ದು ಈ ಕಾರಣಕ್ಕೆ. ಹೆಂಚಿನ ಸಂದಿಯಿಂದ, ಕಿಟಕಿಯಿಂದ ಒದ್ದೆ ಗಾಳಿ ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ತಣ್ಣಗಾದ ಬೀರುವಿನ ಮೇಲೆ ನೀರು ಕೂತು, ಇರುವ ಪುಸ್ತಕವೂ ಹೋಗುತ್ತದೆ. ನನ್ನ ಸಲಹೆ ಇಷ್ಟು. ಪುಸ್ತಕಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಬೇಸಿಗೆಯಲ್ಲಿ ಚೆನ್ನಾಗಿ ಆರಿಸಬೇಕು. ಅಂಟಿದ ಹಾಳೆಗಳನ್ನು ಬಲವಂತವಾಗಿ ಬಿಡಿಸದೆ ಹಳೆಯ ದಾಖಲೆ ಕಾಪಾಡಲು ಬಲ್ಲವರಿಗೆ ತೋರಿಸಬೇಕು. ಮಳೆಗಾಲಕ್ಕೆ ಮೊದಲು ಗಾಳಿ ಹೋಗದಂತೆ ಭದ್ರವಾಗಿ ಮುಚ್ಚುವ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಚೀಲಗಳೊಡನೆ ಇಡಬೇಕು. ತೇವ ಹೀರಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆ ಸಿಗುತ್ತದೆ. ಬಿಸಿ ಮಾಡಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಒಳಗಿನ ತೇವಾಂಶ ಶೇಕಡ 50ರ ಆಸುಪಾಸಿನಲ್ಲಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಖರ್ಚು ಎ.ಸಿ.ಯ ಒಂದು ಪಾಲೂ ಆಗದು. ಪೆಟ್ಟಿಗೆ ಮತ್ತು ಮಾಪಕಗಳನ್ನು ನಾನು ಕೊಡಿಸುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳು ದಿನಕ್ಕೊಮ್ಮೆ ಎರಡು ಥರ್ಮಾಮೀಟರ್ ಓದಿ ಬರೆದಿಟ್ಟರೆ ವಿಜ್ಞಾನದ ಪಾಠವೂ ಆಯಿತು.

ಕೊನೆಗೆ ಒಂದು ಮಾತು. ಆ ಮೊದಲ ದಾಖಲಾತಿ ಪುಸ್ತಕದಲ್ಲಿ ನನ್ನ ಅಕ್ಕನ ಹೆಸರಿದೆ. ಎಂಟನೇ ತರಗತಿ ಸೇರಿದ್ದಳು. ಆ ವರ್ಷವೇ ಅಮ್ಮ ಹಾಸಿಗೆ ಹಿಡಿದದ್ದರಿಂದ ಶಾಲೆ ಬಿಟ್ಟು ನಮ್ಮನ್ನೆಲ್ಲ ಸಾಕಿದಳು. ಅವಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದಳೆಂದು ಹೇಳುವ ಕಾಗದ ಲೋಕದಲ್ಲಿ ಅದೊಂದೇ. ಕಳೆದ ಮಳೆಗಾಲದಲ್ಲಿ ನಾನು ಆ ಪುಟವನ್ನು ಹುಡುಕಿದೆ. ಅದು ಹಿಂದಿನ ಹಾಳೆಗೆ ಅಂಟಿಕೊಂಡಿತ್ತು. ಅಂಚಿನಲ್ಲಿ ಕ್ರಮಸಂಖ್ಯೆ ಮಾತ್ರ ಕಾಣುತ್ತಿತ್ತು. ನಾನು ಬಿಡಿಸಲು ಹೋಗಲಿಲ್ಲ. ಹಾಗೆಯೇ ಮುಚ್ಚಿ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬಂದಿದ್ದೇನೆ. ಬರುವ ಬೇಸಿಗೆಗೆ ಪೆಟ್ಟಿಗೆಗಳನ್ನು ತರುತ್ತೇನೆ. ಜೊತೆಗೆ ಅಕ್ಕನನ್ನೂ ಕರೆದುಕೊಂಡು ಬರುತ್ತೇನೆ.